ಕೃತ್ಯ ನಡೆದ ಸ್ಥಳ

ನಮೂನೆಯ ಐದನೇ ಕಲಮು ಕೇಳುತ್ತದೆ:
ಕೃತ್ಯ ನಡೆದ ಸ್ಥಳ.

ಮೆಜೆಸ್ಟಿಕ್ಕಿನ ರೈಲ್ವೆ ಠಾಣೆ, ಬೆಳಗಿನ ಜಾವ ಐದು.
ಮದ್ರಾಸ್ ಮೇಲು ಬಂದು ಇನ್ನೂ ಬಿಸಿಯಾರಿಲ್ಲ.
ಎದುರಿಗೆ ಮರ್ಫಿ ಟೌನಿನವಳು,
ಹಪ್ಪಳ ಲಟ್ಟಿಸುವ ಕೈ ಬರಿಗೊರಳ ಮೇಲೆ.
ಹೆಸರು ಪವುನಮ್ಮ. ಹೋಗಿದ್ದು ಒಂದೂವರೆ ಪವುನು.
ನಗಲಿಲ್ಲ ನಾನು. ಇಪ್ಪತ್ತು ವರ್ಷದ ರೈಟರ್ ನಗುವುದಿಲ್ಲ,
ಪೆನ್ನಿನ ಮುಚ್ಚಳ ಕಚ್ಚುತ್ತಾನೆ.

ಎಲ್ಲಿ ಹೋಯಿತಮ್ಮಾ ಸರ?
ನಿದ್ದೇಲಿ ಸಾಮಿ.
ನಿದ್ದೆ ಎಲ್ಲಿ?
ಕಾಟ್ಪಾಡೀಲಿ ಟೀ ಕುಡಿದೆ, ನನ್ನದೇ ಸ್ಟೀಲ್ ಲೋಟ,
ಬಗ್ಗಿದಾಗ ಸರ ತಾಗಿ ಟಿಣ್ ಅಂತು.
ಬಂಗಾರಪೇಟೇಲಿ ಎದ್ದೆ, ಇರಲಿಲ್ಲ.

ಆ ಊರಿನ ಹೆಸರು ನನ್ನ ಕಿವಿಗೆ ಬಿದ್ದದ್ದು
ಬರೆದು ಮುಗಿಸಿದ ಮೇಲೆ.

ಆ ನಡುವೆ ಒಂದೇ ನಿದ್ದೆ, ಮೂರು ರಾಜ್ಯ.
ಜೋಲಾರಪೇಟೆ ದಾಟುವಾಗ ತಮಿಳುನಾಡು, ಕುಪ್ಪಂನಲ್ಲಿ ಆಂಧ್ರ,
ಕಾಮಸಮುದ್ರಕ್ಕೆ ಬಂದರೆ ನಾವು.
ಹಳಿಗೆ ಯಾರೂ ಗೆರೆ ಎಳೆದಿಲ್ಲ.
ಅವಳು ಮಗ್ಗುಲು ಬದಲಿಸಿದ್ದು ಯಾರ ಸರಹದ್ದಿನಲ್ಲಿ,
ಕೊಂಡಿ ಹುಡುಕಿದ ಬೆರಳು ಯಾವ ನೆಲದ ಮೇಲಿತ್ತು,
ನೆಲ ಓಡುತ್ತಿತ್ತಲ್ಲ ಆಗ.

ಕಲಮಿನಲ್ಲಿ ಬರೆದೆ: ನಿದ್ದೆಯಲ್ಲಿ.
ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು.
ಸೊನ್ನೆ ನಂಬರು ಕೊಟ್ಟು ಕಳಿಸಯ್ಯ, ಅಂದರು.

ಸೊನ್ನೆ ನಂಬರಿನ ದೂರೆಂದರೆ
ಕಾಲಿಗೆ ನೀರು ಕೊಟ್ಟು
ಮಣೆ ಹಾಕದೆ ಕಳಿಸಿದ ನೆಂಟ.
ಜೋಲಾರಪೇಟೆಗೆ ಹೋಯಿತು. ಎರಡು ತಿಂಗಳಿಗೆ
ತಮಿಳಿನಲ್ಲಿ ವಾಪಸು ಬಂತು: ನಮ್ಮ ಸರಹದ್ದಲ್ಲ.
ಕುಪ್ಪಂ ಕಡೆ ಹೋಯಿತು. ತೆಲುಗಿನಲ್ಲಿ ಬಂತು.
ಅಕ್ಷರ ನಮ್ಮವೇ, ತಲೆಕಟ್ಟು ಮಾತ್ರ ಬೇರೆ,
ಓದಲು ಬಂದುಬಿಟ್ಟಿತಲ್ಲ ಎಂದು ಬೇಜಾರಾಯಿತು.
ಪವುನಮ್ಮ ಒಂದು ಸಲ ಹೋಗಿಬಂದ ಹಳಿಯ ಮೇಲೆ
ಅವಳ ಕಾಗದ ಐದು ಸಲ ಹೋಗಿಬಂತು,
ಟಿಕೆಟ್ಟಿಲ್ಲದೆ.

ಪುಸ್ತಕದಲ್ಲೊಂದು ಸಾಲಿದೆ, ಟ್ರೇನಿಂಗಿನಲ್ಲಿ ಬಾಯಿಪಾಠ ಮಾಡಿಸಿದ್ದು:
ಪಯಣದಲ್ಲಿ ನಡೆದ ಅಪರಾಧವನ್ನು
ದಾರಿಯ ಯಾವ ಕೋರ್ಟಾದರೂ ವಿಚಾರಿಸಬಹುದು.
ಬಹುದು.
ಆ 'ಬಹುದು'ವಿನ ನೆರಳಲ್ಲಿ ಮೂರು ಠಾಣೆ ಮಲಗಿದವು,
ನಮ್ಮದೂ ಸೇರಿ. ಸುಳ್ಳೇಕೆ.

ಕಳ್ಳನಿಗೆ ಆ ತಾಪತ್ರಯವಿಲ್ಲ.
ಒಂದು ಕಡೆ ಕೀಳುತ್ತಾನೆ, ಇನ್ನೊಂದು ಕಡೆ ಇಳಿಯುತ್ತಾನೆ,
ನಗರ್ತಪೇಟೆಯ ಮೂರನೇ ಮಹಡಿಗೆ ಬಂದು ಕರಗಿಸುತ್ತಾನೆ.
ಮೂಸೆಯೊಳಗೆ ಬಂಗಾರಕ್ಕೆ ಮಾತೃಭಾಷೆಯಿಲ್ಲ.

ಕಾರ್ತೀಕದ ಒಂದು ರಾತ್ರಿ ಆ ಮಹಡಿ ಹತ್ತಿದೆವು.
ಕರಗದೆ ಉಳಿದಿದ್ದ ನಲವತ್ತೊಂದು ಸರ
ಠಾಣೆಯ ಮೇಜಿನ ಮೇಲೆ, ಹಳೇ ಪೇಪರು ಹಾಸಿ.
ಹೆಂಗಸರು ಸಾಲಾಗಿ ನಿಂತರು.
ನಂದು, ನಾದಿ, ಎನ್ನುದು.

ಪವುನಮ್ಮ ಸೆರಗಿನ ಗಂಟು ಬಿಚ್ಚಿದಳು.
ಒಳಗೆ ಅರ್ಧ ಕೊಂಡಿ. ಅವತ್ತು ರವಿಕೆಯಲ್ಲಿ ಸಿಕ್ಕಿದ್ದಂತೆ,
ನನಗೆ ಹೇಳಿರಲಿಲ್ಲ.
ಒಂದೊಂದು ಸರಕ್ಕೂ ಹಿಡಿದು ನೋಡಿದಳು,
ಕೂಸಿಗೆ ಲಂಗದ ಅಳತೆ ನೋಡಿದ ಹಾಗೆ.
ಹದಿನೇಳನೆಯದಕ್ಕೆ ಕೂತಿತು.
ಇಪ್ಪತ್ತೊಂಬತ್ತನೆಯದಕ್ಕೂ ಕೂತಿತು.
ಮಿಶನ್ ಕೊಂಡಿ ಸಾಮಿ, ಎಲ್ಲ ಒಂದೇ ಅಚ್ಚು.

ಯಾವುದಾದರೂ ಒಂದು ಹೇಳು, ಅಂದೆ ಮೆಲ್ಲಗೆ.
ರೈಟರ್ ಆಡಬಾರದ ಮಾತು.
ಎರಡನ್ನೂ ಅಂಗೈಯಲ್ಲಿ ತೂಗಿದಳು,
ಉದ್ದಿನ ಹಿಟ್ಟಿಗೂ ತಕ್ಕಡಿ ಮುಟ್ಟದ ಕೈ.
ಇದು ಹಗುರ. ಇದು ಭಾರ.
ನಂದು ನಡುವೆ ಎಲ್ಲೋ ಇತ್ತು.

ಪೇಪರಿನ ಮೇಲೆ ಹಾಗೇ ಇಟ್ಟಳು.
ಟೀ ತರಿಸಿದೆ. ಕುಡಿಯಲು ಬಗ್ಗಿದಳು,
ಇಬ್ಬರೂ ಕಾದೆವು, ಯಾವ ಸದ್ದಿಗೆಂದು ಗೊತ್ತಿದ್ದೂ.

ಕೊಂಡಿ ಈಗ ಮಾಲುಖಾನೆಯಲ್ಲಿದೆ,
ಕಂದು ಲಕೋಟೆ, ಅರಗಿನ ಮೊಹರು.
ಮೇಲಿನ ಚೀಟಿ ನನ್ನದೇ ಅಕ್ಷರ:
ಕರ್ನಾಟಕದಲ್ಲಿ ಸಿಕ್ಕ ಸ್ವತ್ತು, ಒಂದು.
ತೂಕ, ಇಲ್ಲವೆನ್ನುವಷ್ಟು.